ಥೈರಾಯ್ಡ್ ಮಾತ್ರೆ: 50 ಸಾಕಾ, 75 ಬೇಕಾ?

ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ರಕ್ತದಲ್ಲಿ ಏರುವ, ಅತಿಯಾದರೆ ಇಳಿಯುವ ಅಂಶ) 9ರಿಂದ ಕೆಳಗೆ ಇಳಿಯುತ್ತಿಲ್ಲ, ಡಾಕ್ಟರ್ 50ರ ಮಾತ್ರೆ ಬಿಟ್ಟು 75 ಶುರು ಮಾಡಿ ಅಂತಾರೆ, ಕಡಿಮೆ ಪವರಿನಲ್ಲೇ ಇರುವುದು ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಯಲ್ಲಿ 'ದಿನಾ ಬೆಳಗ್ಗೆ ಕಾಫಿ ಜೊತೆ ತಪ್ಪದೆ ತಗೊಳ್ತೇನೆ' ಅಂತ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ನಾನೂ ಹಾಗೇ ತಗೊಳ್ತಿದ್ದೆ. ವರ್ಷಗಟ್ಟಲೆ.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ನನಗೆ ಥೈರಾಯ್ಡ್ ಅಂತ ಗೊತ್ತಾಗಿದ್ದೇ ತಡವಾಗಿ. ಸುಸ್ತು ಅಂದರೆ, ಕೊಯ್ಲಿನ ಕಾಲ, ಯಾರಿಗೆ ಸುಸ್ತಿಲ್ಲ ಅನ್ನುತ್ತಿದ್ದರು. ಚಳಿ ಅಂದರೆ, ಕೊಡಗಿನಲ್ಲಿ ಇದ್ದುಕೊಂಡು ಚಳಿ ಅಂತೀಯಲ್ಲ ಅಂತ ನಗುತ್ತಿದ್ದರು. ಮುಖ ಊದಿಕೊಂಡು, ದನಿ ಗೊಗ್ಗರಾಗಿ, ಬಾಚಣಿಗೆ ತುಂಬ ಕೂದಲು ಬರತೊಡಗಿದ ಮೇಲೆ ರಕ್ತ ಪರೀಕ್ಷೆ ಆಯಿತು. ಡಾಕ್ಟರ್ 50 ಮೈಕ್ರೋಗ್ರಾಂ ಮಾತ್ರೆ ಬರೆದರು. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂದರು.

ನಾನು ತಗೊಂಡೆ. ನನ್ನ ಲೆಕ್ಕದಲ್ಲಿ ಖಾಲಿ ಹೊಟ್ಟೆಯಲ್ಲೇ. ಬೆಳಗ್ಗೆ ಎದ್ದ ಕೂಡಲೇ ಒಲೆ ಹಚ್ಚಿ ಬೆಲ್ಲದ ಕಾಫಿಗೆ ಇಡುವುದು, ಮೊದಲ ಗುಟುಕಿನ ಜೊತೆ ಮಾತ್ರೆ ನುಂಗುವುದು. ತಿಂಡಿಗೆ ಇನ್ನೂ ಎರಡು ಗಂಟೆ ಇದೆ, ರೊಟ್ಟಿ ತಟ್ಟಿಲ್ಲ, ಹೊಟ್ಟೆಗೆ ಏನೂ ಬಿದ್ದಿಲ್ಲ. ನಮ್ಮ ಕಡೆ ಕಾಫಿಯನ್ನು ಹೊಟ್ಟೆಗೆ ಬಿದ್ದದ್ದು ಅಂತ ಯಾರು ಲೆಕ್ಕ ಹಿಡಿಯುತ್ತಾರೆ ಹೇಳಿ! ಮಾತ್ರೆ ಡಬ್ಬಿಯನ್ನು ಕಾಫಿಪುಡಿ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೆ, ಮರೆಯಬಾರದು ಅಂತ. ಒಂದು ದಿನವೂ ಮರೆಯಲಿಲ್ಲ. ಅದೇ ನನಗೆ ದೊಡ್ಡ ಹೆಮ್ಮೆ.

50ಕ್ಕೆ ಟಿಎಸ್‌ಎಚ್ ಸ್ವಲ್ಪ ಇಳಿದು ನಿಂತಿತು. 75 ಆಯಿತು. 100 ಆಯಿತು. ಆಮೇಲೆ 125. ಪ್ರತಿ ಸಲ ಡಾಕ್ಟರ್ 'ದಿನಾ ತಗೊಳ್ತೀರಾ?' ಅಂತ ಕೇಳುತ್ತಿದ್ದರು, ನಾನು ಹೌದು ಅನ್ನುತ್ತಿದ್ದೆ. ಇಬ್ಬರೂ ಹೇಳಿದ್ದು ಸರಿಯೇ. ಯಾವುದರ ಜೊತೆ ಅಂತ ಅವರು ಕೇಳಲಿಲ್ಲ, ನನಗೆ ಹೇಳಬೇಕು ಅಂತ ಹೊಳೆಯಲಿಲ್ಲ. ಈ ನಡುವೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಅದಕ್ಕೊಂದು ಮಾತ್ರೆ ಸೇರಿತು. ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಕೊಲೆಸ್ಟ್ರಾಲ್ ಏರುತ್ತದೆ ಅನ್ನುವುದು ನನಗೆ ತಿಳಿದದ್ದು ಬಹಳ ಆಮೇಲೆ. ಅಕ್ಕಪಕ್ಕದವರು ಎಲೆಕೋಸು ಬಿಡಿ ಅಂದರು, ಬಿಟ್ಟೆ. ಬೇಯಿಸಿದ ಎಲೆಕೋಸು ಅಷ್ಟಿಷ್ಟು ತಿಂದರೆ ಏನೂ ಆಗುವುದಿಲ್ಲವಂತೆ. ಕಾಫಿ ಬಿಡಿ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಕೊಡಗಿನಲ್ಲಿ ಯಾರು ಹೇಳುತ್ತಾರೆ?

ಆಮೇಲೆ ಮಗಳ ಎರಡನೇ ಹೆರಿಗೆ. ಈ ಸಲ ಅವಳು ಬರಲಾಗಲಿಲ್ಲ, ನಾನೇ ಬಾಣಂತನಕ್ಕೆ ಮೈಸೂರಿಗೆ ಹೋದೆ. ಎರಡು ಕೋಣೆಯ ಫ್ಲ್ಯಾಟು, ಅಡುಗೆಮನೆಯ ಗೋಡೆಗೇ ಅಂಟಿಕೊಂಡಂತೆ ಮಗುವಿನ ತೊಟ್ಟಿಲು. ಅಭ್ಯಾಸದಂತೆ ಐದಕ್ಕೇ ಎಚ್ಚರ ಆಗುತ್ತಿತ್ತು. ಪಾತ್ರೆ ಸದ್ದಾದರೆ ಮಗು ಏಳುತ್ತದೆ ಅಂತ ಒಲೆ ಹತ್ತಿರ ಹೋಗುತ್ತಿರಲಿಲ್ಲ. ಹಾಸಿಗೆ ಪಕ್ಕದ ಬಾಟಲಿ ನೀರಲ್ಲಿ ಮಾತ್ರೆ ನುಂಗಿ ಸುಮ್ನೆ ಕೂರುತ್ತಿದ್ದೆ. ಕಾಫಿ ಸಿಗುವಾಗ ಏಳು ದಾಟುತ್ತಿತ್ತು. ಮಾತ್ರೆ ಅದೇ 125.

ಕೆಲವು ವಾರ ಕಳೆಯಿತು. ಎದೆ ಡವಡವ. ಕೈ ನಡುಕ ಎಷ್ಟೆಂದರೆ ಮಗುವಿಗೆ ನೀರು ಹಾಕಲು ಮಗಳು ನನ್ನ ಕೈಗೆ ಕೊಡಲಿಲ್ಲ. ಬಾಣಂತಿಯನ್ನು ನೋಡಿಕೊಳ್ಳಲು ಹೋದವಳನ್ನು ಬಾಣಂತಿಯೇ ನೋಡಿಕೊಳ್ಳುವ ಹಾಗಾಯಿತು. ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಎಲ್ಲರ ಮೇಲೂ ಸಿಡುಕು. ಮಗು ರಾತ್ರಿಯೆಲ್ಲ ಎಬ್ಬಿಸುತ್ತಲ್ಲ, ಅದಕ್ಕೇ ಅಂದುಕೊಂಡೆವು. ಇಸಿಜಿ ಆಯಿತು, ಹೃದಯದ ಸ್ಕ್ಯಾನ್ ಆಯಿತು, ದುಡ್ಡು ಹೋಯಿತು. ಕೊನೆಗೆ ಅಲ್ಲಿನ ಡಾಕ್ಟರ್ ಟಿಎಸ್‌ಎಚ್ ಮಾಡಿಸಿದರೆ ಅದು ಸೊನ್ನೆಯ ಹತ್ತಿರ ಬಂದು ಕೂತಿದೆ. ಅಂದರೆ ಮಾತ್ರೆ ಅತಿಯಾಗಿದೆ. ನನಗೆ ನಂಬಿಕೆಯೇ ಬರಲಿಲ್ಲ. ಊರಲ್ಲಿ ಸಾಲದೇ ಇದ್ದದ್ದು ಮೈಸೂರಲ್ಲಿ ಹೇಗೆ ಅತಿಯಾಯಿತು?

ಅವರು ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಹೇಗೆ ತಗೊಳ್ತಿದ್ರಿ, ಇಲ್ಲಿ ಹೇಗೆ ತಗೊಳ್ತೀರಿ?

ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಹೋದರೆ 70-80 ಭಾಗ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಜೊತೆಗೇ ಕಾಫಿ ಹೋದರೆ ಹಾರ್ಮೋನಿನ ಒಂದು ಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. 2008ರಲ್ಲಿ ಇಟಲಿಯ ವೈದ್ಯರು ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಅವರ ರೋಗಿಗಳೂ ನನ್ನ ಹಾಗೇ, ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳಿಯದವರು. ಅವರದು ಎಸ್ಪ್ರೆಸೊ, ನಮ್ಮದು ಬೆಲ್ಲದ ಕಾಫಿ, ಅಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ: 100ರ ಮಾತ್ರೆಯಲ್ಲಿ ಇರುವ ಔಷಧಿ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಮಾತ್ರೆ ಕಟ್ಟಲು ಹಾಕುವ ಪುಡಿ. ಅಷ್ಟು ಸಣ್ಣ ಅಳತೆಯಲ್ಲಿ ಸ್ವಲ್ಪ ಕಳೆದುಹೋದರೂ ದೊಡ್ಡ ನಷ್ಟ. ಡಬ್ಬಿಯ ಮೇಲೆ 125 ಅಂತ ಇತ್ತು, ನನ್ನ ರಕ್ತಕ್ಕೆ ಎಷ್ಟು ಸೇರುತ್ತಿತ್ತೋ ದೇವರಿಗೇ ಗೊತ್ತು. ಕಾಫಿ ಕಡು ಮಾಡಿದ ದಿನ ಕಮ್ಮಿ, ತೆಳ್ಳಗೆ ಮಾಡಿದ ದಿನ ಸ್ವಲ್ಪ ಜಾಸ್ತಿ ಇದ್ದಿರಬಹುದು.

ಮೋಸ ಬೇಗ ಗೊತ್ತಾಗುವುದೂ ಇಲ್ಲ. ಈ ಹಾರ್ಮೋನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಇವತ್ತಿನ ಎಡವಟ್ಟು ನಾಳೆ ಕಾಣುವುದಿಲ್ಲ, ಸೇರುತ್ತಾ ಸೇರುತ್ತಾ ತಿಂಗಳ ಮೇಲೆ ಕಾಣುತ್ತದೆ. ಅದಕ್ಕೇ ಡೋಸ್ ಬದಲಾಯಿಸಿದ ಮೇಲೆ 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸುವುದು.

ಲೆಕ್ಕ ಹಾಕಿದ್ದರೆ ಮೊದಲೇ ಅನುಮಾನ ಬರಬೇಕಿತ್ತು. ಥೈರಾಯ್ಡ್ ಗ್ರಂಥಿ ಪೂರ್ತಿ ಕೈಕೊಟ್ಟವರಿಗೆ ಸುಮಾರಾಗಿ ಮೈತೂಕದ ಒಂದು ಕಿಲೋಗೆ 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ನನ್ನದು 60ರ ಆಸುಪಾಸು, ಅಂದರೆ 100ರ ಒಳಗೆ ಸಾಕು. 125ಕ್ಕೂ ಟಿಎಸ್‌ಎಚ್ ಬಗ್ಗುತ್ತಿಲ್ಲ ಅಂದರೆ ಸೋರಿಕೆ ಎಲ್ಲೋ ಇದೆ ಅಂತಲೇ ಅರ್ಥ. ನಮ್ಮ ಯಜಮಾನರು ಮೆಣಸಿನ ಬಳ್ಳಿಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ತಕ್ಕಡಿ ಹಿಡಿದು ಕೂರುತ್ತಾರೆ. ಅರ್ಧ ಅಳತೆ ಹೊಡೆದರೆ ಮಳೆಗಾಲದಲ್ಲಿ ಬಳ್ಳಿ ಉಳಿಯಲ್ಲ ಅಂತ ಅವರಿಗೆ ಗೊತ್ತು. ಹೆಂಡತಿಯ ಮಾತ್ರೆಗೆ ಮಾತ್ರ ಅಂದಾಜು ಸಾಕಾಯಿತು. ಬೈಯುವುದಿಲ್ಲ, ನನಗೂ ಅಂದಾಜೇ ಸಾಕಾಗಿತ್ತಲ್ಲ.

ಈಗ ನಿಮ್ಮ ಪ್ರಶ್ನೆ. ಕಡಿಮೆ ಡೋಸ್ ಒಳ್ಳೆಯದು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ನೋವಿನ ಮಾತ್ರೆಗೆ ಆ ಮಾತು ಸರಿ, ಆದಷ್ಟು ಕಡಿಮೆ ತಗೊಳ್ಳಿ. ಇದು ಬೇರೆ. ನಿಮ್ಮ ಗ್ರಂಥಿ ಮಾಡಬೇಕಿದ್ದ ಹಾರ್ಮೋನನ್ನೇ ಮಾತ್ರೆಯಾಗಿ ಕೊಡುತ್ತಿದ್ದಾರೆ, ಅಣುವೂ ಅದೇ. ಮೈಗೆ ಬೇಕಾದಷ್ಟು ಕೊಟ್ಟರೆ ಅದೇ ಸರಿಯಾದ ಡೋಸ್, 25 ಆಗಲಿ 150 ಆಗಲಿ. ಸಾಲದಷ್ಟು ಕೊಟ್ಟರೆ ಸುಸ್ತು, ಮಲಬದ್ಧತೆ, ಕೊಲೆಸ್ಟ್ರಾಲ್ ಎಲ್ಲ ಮುಂದುವರಿಯುತ್ತದೆ, ದಿನಾ ಮಾತ್ರೆ ನುಂಗುವ ತಾಪತ್ರಯವೂ ತಪ್ಪುವುದಿಲ್ಲ. 'ನಂಗೆ ಬರೀ 25 ಸಾಕು' ಅಂತ ಹೇಳಿಕೊಂಡು ಓಡಾಡುವವರನ್ನು ನೋಡಿದ್ದೇನೆ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಬೇಕೆಂದೇ 12.5 ಅಥವಾ 25ರಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ, ಅದು ಅವರಿಗೆ ಸರಿಯಾದ ಡೋಸೇ. ಬಸುರಿಯಾದರೆ ಹಾರ್ಮೋನು ಇನ್ನೂ ಜಾಸ್ತಿ ಬೇಕಾಗುತ್ತದೆ, ಆ ಯೋಚನೆ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಜೀವನಪೂರ್ತಿ ತಗೊಂಡರೆ ಏನಾಗುತ್ತೋ ಅನ್ನುವ ಭಯ ನಿಮಗೂ ಇರಬಹುದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ ಅನ್ನುವ ವೈದ್ಯರು ಕುರಿಯ ಥೈರಾಯ್ಡ್‌ನಿಂದ ತೆಗೆದ ರಸವನ್ನು 46 ವರ್ಷದ ಹೆಂಗಸಿಗೆ ಚುಚ್ಚಿದರು. ಆಕೆ ಅಂಥ ರಸದ ಮೇಲೇ ಇನ್ನೂ 28 ವರ್ಷ ಬದುಕಿದರು. ಅಷ್ಟೂ ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ. ನಮಗೆ ಒಂದು ಡಬ್ಬಿ ಮಾತ್ರೆ ಸಾಕು.

ಹಾಗಂತ ನಾಳೆಯೇ 75 ಶುರು ಮಾಡಿ ಅಂತ ನಾನು ಹೇಳುತ್ತಿಲ್ಲ. ನಿಮಗೆ 50 ಸಾಲುತ್ತಿಲ್ಲವೋ, 50 ಒಳಗೆ ಸೇರುತ್ತಿಲ್ಲವೋ ಅನ್ನುವುದು ಮೊದಲು ಗೊತ್ತಾಗಬೇಕು. ಡಾಕ್ಟರ್ ಹತ್ತಿರ ಹೋಗಿ ಕಾಫಿ ವಿಷಯ ಹೇಳಿ. ನಾಚಿಕೆ ಬೇಡ. ಇದೇ ಡೋಸನ್ನು ಕೆಲವು ವಾರ ಬರೀ ನೀರಲ್ಲಿ ತಗೊಂಡು ನೋಡೋಣವೇ ಅಂತ ಕೇಳಿ. ಗುಟ್ಟಾಗಿ ಮಾತ್ರ ಸರಿಮಾಡಿಕೊಳ್ಳಬೇಡಿ. ಅವರು 75ಕ್ಕೆ ಏರಿಸಿ, ನೀವು ಅದೇ ವಾರ ಹೇಳದೆ ಕೇಳದೆ ಕಾಫಿ ದೂರ ಮಾಡಿದರೆ ನನ್ನ ಮೈಸೂರಿನ ಕಥೆ ನಿಮಗೂ ಆಗುತ್ತದೆ. ಡೋಸ್ ಅತಿಯಾಗಿ ಬಹುಕಾಲ ನಡೆದರೆ ಹೃದಯದ ಬಡಿತ ತಪ್ಪುತ್ತದೆ, ಮುಟ್ಟು ನಿಂತವರಿಗೆ ಮೂಳೆ ಸವೆಯುತ್ತದೆ. ನನಗೆ 125 ಇಳಿಸಿ 88ಕ್ಕೆ ತಂದು ನಿಲ್ಲಿಸಿದ್ದಾರೆ. ಕೊಲೆಸ್ಟ್ರಾಲ್ ಮಾತ್ರೆಯನ್ನೂ ಡಾಕ್ಟರೇ ನಿಲ್ಲಿಸಿದರು.

ಕಾಫಿ ಬಿಡಬೇಕಾ ಅಂತ ಕೇಳಬೇಡಿ, ನಾನೂ ಬಿಟ್ಟಿಲ್ಲ. ಎದ್ದ ಕೂಡಲೇ ನೀರಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ. ಕೊಯ್ಲಿನ ಸಮಯದಲ್ಲಿ ಆ ಒಂದು ಗಂಟೆ ಸಾಯಿಸಿಬಿಡುತ್ತದೆ, ಸುಳ್ಳು ಹೇಳಲ್ಲ. ಆಗುವುದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ ತಗೊಳ್ಳಬಹುದು, ಊಟ ಆಗಿ ಮೂರು ಗಂಟೆಯಾದರೂ ಆಗಿರಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇಡಿ. ಗ್ಯಾಸ್ ಮಾತ್ರೆ ದಿನಾ ನುಂಗುವವರಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ಅಡ್ಡ ಬರುತ್ತದೆ. ಡಬ್ಬಿಯನ್ನು ಒಲೆ ಪಕ್ಕದಿಂದ ಎತ್ತಿಡಿ. ಬಿಸಿ, ತೇವ ಎರಡೂ ಈ ಮಾತ್ರೆಗೆ ಆಗದು, ನಮ್ಮ ಮಳೆಗಾಲದಲ್ಲಂತೂ ಮುಚ್ಚಳ ಬಿಗಿಯಾಗಿರಲಿ.

ಇನ್ನೊಂದು, ಪರೀಕ್ಷೆ ಹತ್ತಿರ ಬಂತು ಅಂತ ಕೊನೆಯ ಒಂದು ವಾರ ಮಾತ್ರ ನಿಯತ್ತಾಗಿ ತಗೊಂಡು ಹೋಗಬೇಡಿ. ಟಿ4, ಅಂದರೆ ಮಾತ್ರೆಯಲ್ಲಿರುವ ಆ ಹಾರ್ಮೋನೇ, ರಕ್ತದಲ್ಲಿ ಬೇಗ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಟ್ಟಲೆ ಬೇಕು. ರಿಪೋರ್ಟಿನಲ್ಲಿ ಟಿ4 ಸರಿ ಇದ್ದು ಟಿಎಸ್‌ಎಚ್ ಮೇಲಿದ್ದರೆ ಅನುಭವಿ ಡಾಕ್ಟರಿಗೆ ಅನುಮಾನ ಬಂದೇ ಬರುತ್ತದೆ.