ಏಡಿ ಯಾರದ್ದು ಮಾರಾಯ್ತಿ?

ಈ ವಾರ ಬೇರೆ ಎರಡು ಪತ್ರಕ್ಕೆ ಉತ್ತರ ಬರೀಬೇಕಂತ ಕೂತಿದ್ದೆ, ಒಂದು ಅತ್ತೆ ಸೊಸೆಯ ಫ್ರಿಜ್ಜಿನ ಜಗಳ, ಇನ್ನೊಂದು ದುಬೈ ಹುಡುಗನ ಕತೆ. ಅದೆರಡೂ ಮುಂದಿನ ವಾರಕ್ಕೆ ಹೋಗ್ಲಿ. ಕಟಪಾಡಿಯಿಂದ ಬಂದ ಈ ಪತ್ರ ಓದಿ ನನಗೆ ಎಷ್ಟು ಮಂಡೆಬಿಸಿ ಆಯ್ತು ಅಂದ್ರೆ ಒಲೆ ಮೇಲಿದ್ದ ಚಾ ಉಕ್ಕಿ ಹೋದದ್ದೂ ಗೊತ್ತಾಗ್ಲಿಲ್ಲ.

ಬರೆದವಳಿಗೆ 29 ವರ್ಷ. ಆರು ವರ್ಷದಿಂದ ಮನೆಯಲ್ಲೇ ಕೂತು ಮುಂಬಯಿಯ ಒಂದು ಸ್ಟುಡಿಯೋಗೆ ಮಕ್ಕಳ ಕಾರ್ಟೂನ್ ಸ್ಕ್ರಿಪ್ಟ್ ಬರೀತಾಳೆ. ಸ್ಟುಡಿಯೋ ನಡೆಸೋದು ಅವಳ ಅಮ್ಮನ ದೊಡ್ಡಪ್ಪನ ಮಗ, ಅಂದ್ರೆ ಇವಳಿಗೆ ಮಾವ. ಹನ್ನೊಂದು ನಿಮಿಷದ ಎಪಿಸೋಡಿಗೆ 6,000 ರೂಪಾಯಿ, ಇಷ್ಟರವರೆಗೆ 74 ಎಪಿಸೋಡು ಆಗಿದೆ. ಅದರಲ್ಲೊಂದು ಏಡಿ ಉಂಟಂತೆ, ಉಳಿದ ಏಡಿಗಳೆಲ್ಲ ಅಡ್ಡ ಹೋಗುವಾಗ ಇದೊಂದು ಮಾತ್ರ ನೆಟ್ಟಗೆ ಹೋಗಿ ಸಿಕ್ಕಿದವರಿಗೆಲ್ಲ ಢಿಕ್ಕಿ ಹೊಡೀತದೆ, ಮಕ್ಕಳಿಗೆ ಭಾರೀ ಇಷ್ಟ. ಇವಳೇ ಹುಟ್ಟಿಸಿದ್ದು. ಈಗ ಆ ಏಡಿಯ ಕಾಮಿಕ್ಸ್ ಪುಸ್ತಕ ಮಾಡ್ತಾರಂತೆ, ಆರು ಪುಸ್ತಕ ಬರೆದುಕೊಡು, ಒಟ್ಟು 48,000 ಕೊಡ್ತೇನೆ ಅಂದಿದ್ದಾರೆ ಮಾವ. ಈ ಕಡೆ ಮಣಿಪಾಲದ ಒಂದು ಆಫೀಸಲ್ಲಿ ಪರ್ಮನೆಂಟ್ ಕೆಲಸ ಸಿಗುವ ಹಾಗೆ ಉಂಟು, ಅಮ್ಮ ಅದಕ್ಕೇ ಸೇರು ಅಂತ ಹಿಂದೆ ಬಿದ್ದಿದ್ದಾರೆ. ಅವಳ ಪ್ರಶ್ನೆ, ಕೆಲಸವಾ ಕಾಮಿಕ್ಸಾ, ಮತ್ತೆ ಕಾಮಿಕ್ಸ್ ನನಗೆ ಬರೀಲಿಕ್ಕೆ ಬರ್ತದಾ ಅಕ್ಕಾ?

ಪತ್ರ ಮೂರು ಪುಟ. ಎರಡನೇ ಪುಟದ ಕೊನೆಗೆ, ಅದೂ ಬ್ರ್ಯಾಕೆಟ್ಟಿನ ಒಳಗೆ, ಹೀಗೊಂದು ಸಾಲು: "ಟೈಟಲ್ಲಲ್ಲಿ ನನ್ನ ಹೆಸರು ಬರೋದಿಲ್ಲ, ಸ್ಟುಡಿಯೋ ಟೀಮ್ ಅಂತ ಹಾಕ್ತಾರೆ, ಈ ಫೀಲ್ಡಲ್ಲಿ ಹಾಗೇ ಅಂತೆ, ಮಾವನೇ ಅಲ್ವಾ ಅಂತ ಅಗ್ರಿಮೆಂಟ್ ಏನೂ ಮಾಡಿರ್ಲಿಲ್ಲ, ಈಗ ಹಿಂದಿನದ್ದೂ ಸೇರಿಸಿ ಒಂದು ಕಾಗದ ಕಳಿಸಿದ್ದಾರೆ ಸೈನ್ ಮಾಡ್ಲಿಕ್ಕೆ."

ತಂಗಿ, ಕಡುಬು ಇರೋದು ಇಲ್ಲಿ. ಉಳಿದ ಎರಡೂಮುಕ್ಕಾಲು ಪುಟ ಬರೀ ಸುತ್ತಿದ ಎಲೆ.

ಕೆಲಸದ ವಿಷಯ ಬೇಗ ಮುಗಿಸ್ತೇನೆ. ಸೇರು. ಅಮ್ಮ ಕೇಳೋದು ಪಿಎಫ್, ತಿಂಗಳ ಕೊನೆಗೆ ಸಂಬಳ, ಅದರಲ್ಲಿ ತಪ್ಪೆಂತ? ಕಾರ್ಟೂನ್ ಬರೀಬೇಡ ಅಂತ ಅವರು ಎಲ್ಲೂ ಹೇಳಿಲ್ಲ, ನಿನ್ನ ಪತ್ರವನ್ನೇ ಎರಡು ಸಲ ಓದಿ ನೋಡಿದೆ. ಆಫೀಸಿನವರು ಆರ್ಡರ್ ಕೊಡುವ ಮೊದಲು ಹೊರಗೆ ಬರೀಲಿಕ್ಕೆ ಅಡ್ಡಿ ಇಲ್ಲ ಅಂತ ಅವರಿಂದ ಬರೆಸಿಕೋ, ಅಷ್ಟೇ. ಸಂಬಳ ಬರುವವಳಿಗೆ ಬೇಡ ಅಂತ ಹೇಳ್ಲಿಕ್ಕೆ ಧೈರ್ಯ ಇರ್ತದೆ, ನಿನಗೆ ಈಗ ಬೇಕಾದದ್ದೇ ಅದು.

ಕಾಮಿಕ್ಸ್ ಬರ್ತದಾ ಅಂತ ಕೇಳಿದ್ದಕ್ಕೆ ಮಾತ್ರ ನಗು ಬಂತು. ನಮ್ಮ ಯಕ್ಷಗಾನದಲ್ಲಿ ಪ್ರಸಂಗಕರ್ತ ಪದ್ಯ ಬರೆದುಕೊಟ್ರೆ ಆಯ್ತು, ಅರ್ಥ ಹೇಳೋದು ವೇಷಧಾರಿಯ ಕೆಲಸ, ಅವನು ರಂಗಸ್ಥಳದಲ್ಲೇ ಮಾತು ಕಟ್ತಾನೆ, ಮೂಡ್ ಇದ್ರೆ ಒಂದು ಪದ್ಯಕ್ಕೆ ಅರ್ಧ ಗಂಟೆ ಎಳೀತಾನೆ. ಕಾರ್ಟೂನಲ್ಲಿ ಆ ಪುಣ್ಯ ಇಲ್ಲ. ಏಡಿ ಒಂದು ಕಣ್ಣು ತಿರುಗಿಸ್ಬೇಕಾದ್ರೂ ಯಾರಾದ್ರೂ ಬರೆದಿರ್ಬೇಕು, ಸ್ಕ್ರಿಪ್ಟನ್ನು ಮೊದಲು ಚಿತ್ರದ ಸಾಲಾಗಿ ಬಿಡಿಸುವ ಸ್ಟೋರಿಬೋರ್ಡಿನವರು ಸ್ವಲ್ಪ ಸೇರಿಸ್ತಾರೆ ಹೌದು, ಆದ್ರೆ ಬೀಜ ನಿನ್ನ ಸ್ಕ್ರಿಪ್ಟಿನದ್ದೇ. ಅಷ್ಟು ಬರೆದವಳಿಗೆ ಕಾಮಿಕ್ಸಲ್ಲಿ ಹೊಸತಾಗಿ ಕಲೀಲಿಕ್ಕೆ ಇರೋದು ನಿಲ್ಲಿಸೋದು. ಒಂದು ಚೌಕದಲ್ಲಿ ಏಡಿ ಒಂದೇ ಕೆಲಸ ಮಾಡ್ಬಹುದು. "ಏಡಿ ಬಾಗಿಲು ತೆಗೆದು ಒಳಗೆ ನೋಡಿ ಹೆದರಿ ಓಡಿತು" ಅಂತ ಬರೆದ್ರೆ ಚಿತ್ರ ಬಿಡಿಸುವವನು ನಿನಗೆ ಬೈತಾನೆ, ಅದು ಮೂರು ಚೌಕದ್ದು. ಬಾಗಿಲ ಹಿಂದೆ ಎಂತ ಉಂಟು ಅನ್ನೋದನ್ನ ಬಲಗಡೆ ಪುಟದಲ್ಲಿ ತೋರಿಸ್ಬೇಡ, ಪುಟ ಮಗುಚಿದ ಮೇಲೆ ಎಡಗಡೆ ಮೊದಲ ಚೌಕದಲ್ಲಿ ತೋರಿಸು, ಟಿವಿಯಲ್ಲಿ ಸಮಯ ಎಡಿಟರನ ಕೈಯಲ್ಲಿ ಇರ್ತದೆ, ಪುಸ್ತಕದಲ್ಲಿ ಮಗುವಿನ ಬೆರಳಲ್ಲಿ. ಪಾತ್ರದ ಮಾತು ಬರೆಯುವ ಬಲೂನಲ್ಲಿ ತುಂಬಾ ತುಂಬಿಸಿದ್ರೆ ಏಡಿಯ ತಲೆಯೇ ಮುಚ್ಚಿಹೋಗ್ತದೆ. ಎರಡು ತಿಂಗಳಲ್ಲಿ ಕೈ ಕೂರ್ತದೆ, ಬಿಡು.

ಇನ್ನು "ಈ ಫೀಲ್ಡಲ್ಲಿ ಹಾಗೇ" ಅನ್ನುವ ಮಾತು. ನಿಮ್ಮ ಜಿಲ್ಲೆಯದ್ದೇ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ಮುಂಬಯಿಗೆ ಹೋಗಿ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದ್ರು, 1980ರಲ್ಲಿ ಮಕ್ಕಳ ಕಾಮಿಕ್ಸ್ ಪತ್ರಿಕೆ ಟಿಂಕಲ್. ಹಳೇ ಅಮರ ಚಿತ್ರ ಕಥೆ ಮನೆಯಲ್ಲಿದ್ರೆ ಒಳಪುಟ ತೆಗೆದು ನೋಡು, ಸ್ಕ್ರಿಪ್ಟ್ ಯಾರದ್ದು ಚಿತ್ರ ಯಾರದ್ದು ಅಂತ ಇರ್ತದೆ, ಕಮಲಾ ಚಂದ್ರಕಾಂತ್ ಅಂತ ಒಬ್ರು ಬರೀತಿದ್ರು ಅನ್ನೋದು ನನಗೆ ಗೊತ್ತಾದದ್ದೇ ಹಾಗೆ. ಅಷ್ಟು ದೂರ ಯಾಕೆ, ಮೇಳದ ಹ್ಯಾಂಡ್‌ಬಿಲ್ಲಲ್ಲೂ ಪ್ರಸಂಗಕರ್ತನ ಹೆಸರು ಹಾಕ್ತಾರೆ. ಹಾಕದಿದ್ರೆ ಎಂತ ಆಗ್ತದೆ ಅಂತ ಬೇಕಾದ್ರೆ ಬ್ಯಾಟ್‌ಮ್ಯಾನಿನ ಕತೆ ಕೇಳು. 1939ರಲ್ಲಿ ಬಂದ ಪಾತ್ರ ಅದು. ಚಿತ್ರ ಬಿಡಿಸಿದ ಬಾಬ್ ಕೇನ್ ಕಂಪನಿ ಹತ್ರ ತನ್ನ ಹೆಸರು ಕಾಗದದಲ್ಲಿ ಗಟ್ಟಿ ಮಾಡಿಕೊಂಡ. ಕತೆ ಬರೆದ, ಆ ವೇಷದ ರೂಪಕ್ಕೂ ತಲೆ ಕೊಟ್ಟ ಬಿಲ್ ಫಿಂಗರ್ ಅನ್ನುವವನು ಸುಮ್ಮನಿದ್ದ. 1974ರಲ್ಲಿ ತೀರಿಹೋದ, ಕೈಯಲ್ಲಿ ಹೆಸರೂ ಇಲ್ಲ ದುಡ್ಡೂ ಇಲ್ಲ. ಸೃಷ್ಟಿಕರ್ತರ ಸಾಲಲ್ಲಿ ಅವನ ಹೆಸರು ಬಂದದ್ದು 2015ರಲ್ಲಿ, ಸತ್ತು 41 ವರ್ಷ ಆದ ಮೇಲೆ. ಅದೇ ಬ್ಯಾಟ್‌ಮ್ಯಾನ್ ಟಿವಿ ಕಾರ್ಟೂನಿಗೆ 1992ರಲ್ಲಿ ಪಾಲ್ ಡಿನಿ ಒಂದು ಎಪಿಸೋಡಿನ ಮಟ್ಟಿಗೆ ಅಂತ ಹಾರ್ಲೆ ಕ್ವಿನ್ ಅನ್ನುವ ಹೆಣ್ಣು ಪಾತ್ರ ಬರೆದ, ರೂಪ ಕೊಟ್ಟದ್ದು ಬ್ರೂಸ್ ಟಿಮ್, ಮರುವರ್ಷವೇ ಅವಳು ಕಾಮಿಕ್ಸಿಗೆ ಹೋದ್ಲು, ಇವತ್ತಿಗೂ ಇಬ್ಬರ ಹೆಸರೂ ಅವಳ ಜೊತೆಗೆ ಬರ್ತದೆ. ನಿನ್ನ ಏಡಿಯೂ ಅದೇ ದಾರಿಯಲ್ಲಿ ಹೋಗ್ತಾ ಉಂಟು, ಟಿವಿಯಿಂದ ಪುಸ್ತಕಕ್ಕೆ. ಇಂತಾ ಟೈಮಲ್ಲೇ ಹೆಸರು ಬೀಳೋದು ಅಥವಾ ಕಳಚೋದು.

ಈಗ ಆ ಕಾಗದ. ನಾನು ಲಾಯರ್ ಅಲ್ಲ, ಆದ್ರೆ ಕಾಪಿರೈಟ್ ಕಾನೂನು, 1957ರದ್ದು, ಇದರಲ್ಲಿ ತುಂಬಾ ಸ್ಪಷ್ಟ ಉಂಟು. ಸಂಬಳಕ್ಕಿರುವ ನೌಕರಳು ಬರೆದದ್ದು ಮಾಲೀಕನದ್ದು, ನೀನು ನೌಕರಳಲ್ಲ, ಎಪಿಸೋಡಿಗಿಷ್ಟು ಅಂತ ಬರೆದವಳು. ಹಕ್ಕು ಬಿಟ್ಟುಕೊಡೋದಿದ್ರೆ ಬರವಣಿಗೆಯಲ್ಲಿ, ಸೈನ್ ಹಾಕಿ ಕೊಡ್ಬೇಕು, ಬಾಯಿಮಾತು ಸಾಕಾಗೋದಿಲ್ಲ. ಅಂದ್ರೆ ಗೊತ್ತಾಯ್ತಾ, ಮಾವ ಆರು ವರ್ಷ ಅಗ್ರಿಮೆಂಟ್ ಮಾಡದೆ ದುಡ್ಡು ಉಳಿಸಿದ್ದೇನೆ ಅಂತ ಇದ್ರಲ್ಲ, ಅದರಿಂದಾಗಿಯೇ 74 ಸ್ಕ್ರಿಪ್ಟಿನ ಹಕ್ಕು ನಿನ್ನ ಕೈಯಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ. ಯಾರೋ ಪುಸ್ತಕದವರು ಹಕ್ಕಿನ ಕಾಗದ ತೋರಿಸಿ ಅಂತ ಕೇಳಿರ್ಬೇಕು, ಹಾಗೆ ಈಗ ಓಡಿ ಬಂದದ್ದು. ಇದು ನನ್ನ ಊಹೆ, ಆದ್ರೆ 48,000ದ ಜೊತೆ ಹಿಂದಿನದ್ದೂ ಸೇರಿಸಿದ್ದು ಯಾಕೆ ಹೇಳು? ಮತ್ತೆ 2012ರ ತಿದ್ದುಪಡಿ ಆದ ಮೇಲೆ ಸಿನಿಮಾ, ಟಿವಿಗೆ ಬರೆದವರು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಸಿದ್ದಕ್ಕೆ ಬರುವ ರಾಯಲ್ಟಿ ಬೇಡ ಅಂತ ಬರೆದುಕೊಟ್ರೂ ಅದು ನಡೆಯೋದಿಲ್ಲ. ಬರೆದವಳು ನಾನು ಅಂತ ಹೇಳಿಕೊಳ್ಳುವ ಹಕ್ಕು ಕೂಡ ಕಾಪಿರೈಟ್ ಮಾರಿದ ಮೇಲೂ ಉಳೀತದೆ. ಏಡಿಯ ಚಿತ್ರ ಮಾತ್ರ ನಿನ್ನದಲ್ಲ, ಅದು ಬಿಡಿಸಿದವರ ಲೆಕ್ಕ, ಅಲ್ಲಿ ಹಠ ಮಾಡ್ಬೇಡ. ಆದ್ರೆ ಕಾಮಿಕ್ಸ್ ಪುಸ್ತಕದ ದುಡ್ಡು ಈ ಕಾಗದದಲ್ಲಿ ಎಂತ ಬರೆದಿದೆ ಅದರ ಮೇಲೆ ನಿಂತಿರ್ತದೆ, ಅದಕ್ಕೇ ಹೆದರಿಕೆ ನನಗೆ.

ಮಾವನ ಬಗ್ಗೆ ನೀನು ತುಂಬಾ ಮೆತ್ತಗೆ ಬರೆದಿದ್ದಿ, ಮೇ ತಿಂಗಳಲ್ಲಿ ಬರುವಾಗ ಸ್ವೀಟ್ಸ್ ತರ್ತಾರೆ, ಅಪ್ಪನ ಆಪರೇಷನ್ನಿಗೆ ಸಹಾಯ ಮಾಡಿದ್ರು, ಹೀಗೆಲ್ಲ. ಒಳ್ಳೇದು. ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳು, ಬೇಕಾದ್ರೆ ಶಂಕರಪುರ ಮಲ್ಲಿಗೆ ಒಂದು ಅಟ್ಟಿ ಕಳಿಸು ಅತ್ತೆಗೆ. ಏಡಿ ಯಾಕೆ ಕೊಡ್ಬೇಕು? ಈ ಅಂಕಣ ಓದುವವರಿಗೆಲ್ಲ ಗೊತ್ತುಂಟು, ನೆಂಟರ ಹತ್ರ ಕೆಲಸ ಮಾಡುವಾಗ ಮೊದಲು ಕಾಗದ ಆಮೇಲೆ ಕಾಫಿ ಅಂತ ನಾನು ಎಷ್ಟು ಸಲ ಬಾಯಿ ಬಡ್ಕೊಂಡಿದ್ದೇನೆ, ಹೋದ ತಿಂಗಳು ಕ್ಯಾಟರಿಂಗಿನ ಅಣ್ಣತಮ್ಮಂದಿರ ವಿಷಯದಲ್ಲೂ ಅದನ್ನೇ ಹೇಳಿದ್ದು. ನಾನೂ ಒಮ್ಮೆ ಬಲಿಬಿದ್ದವಳೇ. ಹತ್ತಿರದ ನೆಂಟರೊಬ್ರ ಸಂಘಕ್ಕೆ 120 ಪುಟದ ಸ್ಮರಣ ಸಂಚಿಕೆ ಇಡೀ ನಾನೇ ಬರೆದುಕೊಟ್ಟೆ, ಪ್ರಿಂಟಾಗಿ ಬಂದಾಗ ಸಂಪಾದಕ ಅಂತ ಅವರ ಅಳಿಯನ ಹೆಸರು, ನನ್ನ ಹೆಸರು ಕೊನೆ ಪುಟದಲ್ಲಿ, ಶಾಮಿಯಾನದವರ ಕೆಳಗೆ. ಕೃತಜ್ಞತೆಗಳು ಅಂತೆ.

ಹಾಗಾಗಿ ನಿನಗೆ ಹೇಳೋದು ಒಂದೇ. ಆ ಕಾಗದಕ್ಕೆ ಸೈನ್ ಹಾಕ್ಬೇಡ. ಮಂಗಳೂರಲ್ಲಿ ಕಾಪಿರೈಟ್ ನೋಡುವ ಲಾಯರಿಗೆ ಒಮ್ಮೆ ತೋರಿಸು, ಅದಕ್ಕೆ ಒಂದು ಎಪಿಸೋಡಿನ ದುಡ್ಡು ಹೋದ್ರೆ ಹೋಗ್ಲಿ. ಅಷ್ಟರವರೆಗೆ ಮಾವ ಕೇಳಿದ್ರೆ, ಪುಸ್ತಕದ ಮೇಲೆ ನನ್ನ ಹೆಸರು ಹೇಗೆ ಬರ್ತದೆ ಅಂತ ಈಮೇಲಲ್ಲಿ ಬರೆದು ಕಳಿಸಿ ಮಾವ, ಆಮೇಲೆ ಮಾತಾಡುವಾ, ಅಂತ ಹೇಳಿ ಇಟ್ಟುಬಿಡು. ಅವರು ಮತ್ತೆ ಫೋನ್ ಮಾಡೋದು ಲ್ಯಾಂಡ್‌ಲೈನಿಗೆ, ಅಮ್ಮ ಊಟ ಮುಗಿಸಿ ಕೂರುವ ಹೊತ್ತಿಗೆ. ಆ ಹೊತ್ತಿಗೆ ಫೋನ್ ಹತ್ರ ನೀನೇ ಕೂತಿರು.