ಕಟೌಟ್‌ಗೆ ಹಾಲು ಸುರಿಯುವ ನಾವು ಊರಿನ ನಿಜವಾದ ಹೀರೋಗಳನ್ನು ಯಾಕೆ ಗುರುತಿಸುವುದಿಲ್ಲ?

ಮುಖ ಕಾಣುವುದಿಲ್ಲ, ಅದಕ್ಕೆ. ಸ್ಟಾರ್ ಮುಖ ಪೋಸ್ಟರ್, ಟಿವಿ, ಮೊಬೈಲ್ ಅಂತ ದಿನಾ ಕಣ್ಣಿಗೆ ಬೀಳುತ್ತದೆ. ಬೀಳಿಸೋಕೆ ದುಡ್ಡು ಸುರಿಯುವವರೂ ಇದ್ದಾರೆ.

ನಮ್ಮ ಕಡೆಯದೇ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ರೈತರ ಎದೆ ಧಸಕ್ಕೆಂದಿತು. ಭತ್ತದ ನೀರು ಕಣ್ಣೆದುರೇ ಹರಿದು ಹೋಗ್ತಾ ಇತ್ತು. ಕಾರ್ಮಿಕರು ಭೋರ್ಗರೆಯುವ ನೀರಿನ ಮೇಲೆ ನಿಂತು, ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ದೊಡ್ಡ ಹಲಗೆಗಳನ್ನು, ಒಂದರ ಮೇಲೊಂದು ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಆಗ ಹೊಗಳಿದ್ದೇನೋ ನಿಜ. ಈಗ ಅವರಲ್ಲಿ ಒಬ್ಬರ ಹೆಸರಾದರೂ ನೆನಪಿದೆಯಾ? ಪರಿಣತರಾಗಿ ಬಂದ ಕನ್ನಯ್ಯ ನಾಯ್ಡು ಹೆಸರು ಕೆಲವರಿಗೆ ಗೊತ್ತು, ಅಷ್ಟೇ.

ಸಿನಿಮಾ ಇಷ್ಟಪಡೋದು ತಪ್ಪಲ್ಲ ಬಿಡಿ, ನಾನೂ ಮೊದಲ ಶೋಗೆ ಹೋಗುವವನೇ. ಆದರೆ ಗುರುತಿಸೋಕೆ ದಾರಿ ಇದೆ. ಕೊಪ್ಪಳದ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಮೇಲೆ! ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಸೂಚಿಸಬಹುದು. ಫ್ಯಾನ್ಸ್ ಸಂಘದ ಹುಡುಗರು ಒಂದು ಸಂಜೆ ಕೂತರೆ ಆಗುವ ಕೆಲಸ.