ಜರ್ಮನಿಯ ಆರ್ ಕಣಿವೆಯಂಥ ಚಳಿ ಜಾಗದಲ್ಲಿ ಕೆಂಪು ವೈನ್ ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ?

ಅಲ್ಲಿನ ಕಡಿದಾದ ಇಳಿಜಾರು ಮತ್ತು ಕಪ್ಪು ಸ್ಲೇಟ್ ಕಲ್ಲಿನಿಂದ. ಆರ್ ಎಂಬುದು ಬಾನ್ ನಗರದ ದಕ್ಷಿಣಕ್ಕೆ ರೈನ್ ನದಿಯನ್ನು ಸೇರುವ ಪುಟ್ಟ ಹೊಳೆ, ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಷ್ಟು ಉತ್ತರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ, ಬಿಸಿಲು ಓರೆಯಾಗಿ ಬೀಳುತ್ತದೆ. ಸಮತಟ್ಟು ನೆಲದಲ್ಲಿ ಆ ಬಿಸಿಲು ಹರಡಿ ತೆಳುವಾಗಿಬಿಡುತ್ತದೆ, ಆದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಹೆಚ್ಚು ನೇರವಾಗಿ ತಾಗುತ್ತದೆ. ಕಪ್ಪು ಕಲ್ಲು ಹಗಲೆಲ್ಲಾ ಕಾದು, ಸಂಜೆಯಾದ ಮೇಲೆ ಕಾವಲಿಯ ಹಾಗೆ ನಿಧಾನಕ್ಕೆ ಆ ಶಾಖವನ್ನು ಬಳ್ಳಿಗಳಿಗೆ ಬಿಟ್ಟುಕೊಡುತ್ತದೆ. ಸುತ್ತಲಿನ ಐಫೆಲ್ ಬೆಟ್ಟಗಳು ಚಳಿಗಾಳಿಯನ್ನೂ ತಡೆಯುತ್ತವೆ.

ಇನ್ನು ತಳಿ. ಅಲ್ಲಿ ಹೆಚ್ಚಾಗಿ ಬೆಳೆಯುವುದು ಶ್ಪೇಟ್‌ಬುರ್ಗುಂಡರ್, ಅಂದರೆ ಫ್ರಾನ್ಸಿನ ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯೇ. ಇದಕ್ಕೆ ಸುಡು ಸೆಖೆ ಆಗುವುದಿಲ್ಲ, ಬಿಸಿ ಜಾಸ್ತಿಯಾದರೆ ಹುಳಿಯೂ ಪರಿಮಳವೂ ಕಳೆದುಹೋಗುತ್ತವೆ. ಹಾಗಾಗಿ ತಂಪು ಹವೆ, ಹಣ್ಣಾಗುವಷ್ಟು ಮಾತ್ರ ಬಿಸಿ, ಇದೇ ಇದಕ್ಕೆ ಹೇಳಿ ಮಾಡಿಸಿದ ಜಾಗ ಅಲ್ವಾ?

ಸಿಪ್ಪೆ ತೆಳು, ಆದ್ದರಿಂದ ವೈನಿನ ಬಣ್ಣವೂ ತಿಳಿ. ಬಣ್ಣ ನೋಡಿ ಸಪ್ಪೆ ಅಂದುಕೊಳ್ಳಬೇಡಿ, ಚೆರ್ರಿ ಹಣ್ಣಿನ ಪರಿಮಳ ಚೆನ್ನಾಗಿರುತ್ತದೆ. ಬೆಲೆ ಮಾತ್ರ ಜಾಸ್ತಿ, ಯಾಕೆಂದರೆ ಆ ಇಳಿಜಾರುಗಳಲ್ಲಿ ಯಂತ್ರ ಓಡಿಸುವುದು ಕಷ್ಟ, ಬಹುಪಾಲು ಕೆಲಸ ಕೈಯಲ್ಲೇ ಆಗಬೇಕು.